ಬಾಂಬ್ ಬಿದ್ದ ಊರಿನಲ್ಲಿ ಒಂದು ಕೊಲೆ: ಯುದ್ಧಕಾಲದ ಮೂರು ಕಾದಂಬರಿಗಳು

1942ರ ಜುಲೈನಲ್ಲಿ ಲಂಡನ್ನಿನ ವಾಕ್ಸ್‌ಹಾಲ್‌ನಲ್ಲಿ, ಬಾಂಬ್ ದಾಳಿಗೆ ಹಾಳಾಗಿದ್ದ ಚರ್ಚೊಂದನ್ನು ಕೆಡವುತ್ತಿದ್ದ ಕೂಲಿಯವರಿಗೆ ಕಲ್ಲುಚಪ್ಪಡಿಯ ಕೆಳಗೆ ಹೆಣವೊಂದು ಸಿಕ್ಕಿತು. ದಾಳಿಯಲ್ಲಿ ಸತ್ತವರದು ಇನ್ನೊಂದು ಅಂದುಕೊಂಡು ಮಣ್ಣು ಮಾಡಿಬಿಡಬಹುದಿತ್ತು. ಆ ವರ್ಷಗಳಲ್ಲಿ ಲಂಡನ್ನಿನಲ್ಲಿ ಅಂಥ ಹೆಣಗಳಿಗೆ ಬರವಿರಲಿಲ್ಲ. ಆದರೆ ತಲೆ, ಕೈಕಾಲು ಬೇರೆಯಾಗಿದ್ದ ರೀತಿ ನೋಡಿದ ವೈದ್ಯ ಕೀತ್ ಸಿಂಪ್ಸನ್‌ಗೆ ಇದು ಬಾಂಬಿನ ಕೆಲಸವಲ್ಲ, ಕೈ ಕೆಲಸ ಅನ್ನಿಸಿತು. ಹೆಣದ ಮೇಲೆ ಸುಣ್ಣ ಸುರಿದಿದ್ದರು. ಹೆಣ ಕರಗಲಿ ಎಂದು ಸುರಿದದ್ದು ಅರಳಿದ ಸುಣ್ಣವಾಗಿತ್ತು. ಅದು ಹುಳು ಬರದಂತೆ ತಡೆದು ಗಂಟಲಿನ ಭಾಗವನ್ನು ಕಾಪಾಡಿಟ್ಟಿತ್ತು. ಗಂಟಲ ಮೃದ್ವಸ್ಥಿ ಮುರಿದಿತ್ತು, ಅಂದರೆ ಕತ್ತು ಹಿಸುಕಿದ್ದಾರೆ. ಮೇಲ್ದವಡೆಯ ಹಲ್ಲುಗಳು ದಂತವೈದ್ಯರ ದಾಖಲೆಯ ಜೊತೆ ಹೊಂದಿದವು. ಸತ್ತವಳು 1941ರ ಏಪ್ರಿಲ್‌ನಿಂದ ಕಾಣೆಯಾಗಿದ್ದ ರೇಚಲ್ ಡಾಬ್ಕಿನ್. ಕೊಂದವನು ಅವಳ ಗಂಡ ಹ್ಯಾರಿ, ಪಕ್ಕದ ಕಟ್ಟಡದಲ್ಲೇ ಬೆಂಕಿ ಕಾವಲಿನ ಕೆಲಸದಲ್ಲಿದ್ದವನು. 1943ರ ಜನವರಿಯಲ್ಲಿ ಅವನನ್ನು ಗಲ್ಲಿಗೇರಿಸಿದರು.

ಈ ನಿಜ ಪ್ರಕರಣವನ್ನು ಮೊದಲಿಗೇ ತಂದದ್ದಕ್ಕೆ ಕಾರಣವಿದೆ. ಯುದ್ಧಕಾಲದಲ್ಲಿ ನಡೆಯುವ ಕೊಲೆ ಕಥೆಗಳನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಅಳತೆಗೋಲು ಸಿಗುವುದು ಕಷ್ಟ. ಕೊಲೆಗಾರನಿಗೆ ಹೆಣ ಅಡಗಿಸುವ ಜಾಗ ಕೊಟ್ಟದ್ದು ಯುದ್ಧ, ಸಾವಿಗೆ ಸುಳ್ಳು ಕಾರಣ ಒದಗಿಸಿದ್ದು ಯುದ್ಧ, ಅವನಿಗೆ ಆ ಕೆಲಸ ಕೊಟ್ಟದ್ದೂ ಯುದ್ಧ. ಇದರಿಂದ ಯುದ್ಧವನ್ನು ಕಿತ್ತುಹಾಕಿದರೆ ಕಥೆಯೇ ಉಳಿಯುವುದಿಲ್ಲ. ಅಂಗಡಿಯಲ್ಲಿ ಸಿಗುವ ಈ ಬಗೆಯ ಕಾದಂಬರಿಗಳಲ್ಲಿ ಬಹುಪಾಲು ಈ ಪರೀಕ್ಷೆಯಲ್ಲಿ ಬೀಳುತ್ತವೆ. ಸೈರನ್ ಕೂಗುತ್ತದೆ, ಪರದೆ ಎಳೆಯುತ್ತಾರೆ, ಯಾರೋ ಒಬ್ಬರು ರೇಷನ್ ಬಗ್ಗೆ ಗೊಣಗುತ್ತಾರೆ. ಆಮೇಲೆ ನಡೆಯುವುದು ಯಾವ ಕಾಲದಲ್ಲಾದರೂ ನಡೆಯಬಹುದಾದ ಆಸ್ತಿ ಜಗಳದ ಕೊಲೆ. ಹಾಗಾಗಿ ಇಲ್ಲಿ ಆರಿಸಿಕೊಂಡದ್ದು ಮೂರೇ ಪುಸ್ತಕ: ಕೆನ್ ಫಾಲೆಟ್ ಬರೆದ 'ಐ ಆಫ್ ದ ನೀಡಲ್' (1978), ರಾಬರ್ಟ್ ಹ್ಯಾರಿಸ್‌ ಅವರ 'ಎನಿಗ್ಮಾ' (1995), ಫಿಲಿಪ್ ಕೆರ್ ಅವರ 'ಎ ಮ್ಯಾನ್ ವಿದೌಟ್ ಬ್ರೆತ್' (2013). ಮೂರೂ ಎರಡನೇ ಮಹಾಯುದ್ಧದ ಕಥೆಗಳು. ಕೊನೆಯ ಗುಟ್ಟುಗಳನ್ನು ಇಲ್ಲಿ ಬಿಚ್ಚಿಲ್ಲ.

ಫಾಲೆಟ್ ಕಾದಂಬರಿಯ ನಾಯಕ, ಅಥವಾ ಖಳನಾಯಕ, ಹೆನ್ರಿ ಫೇಬರ್ ಎಂಬ ಜರ್ಮನ್ ಗೂಢಚಾರ. ತೋಳಿಗೆ ಕಟ್ಟಿಕೊಂಡ ಸಪೂರ ಚೂರಿ ಅವನ ಆಯುಧ. ಅದರಿಂದಲೇ 'ಸೂಜಿ' ಎಂಬ ಅಡ್ಡಹೆಸರು. ಮೊದಲ ಅಧ್ಯಾಯದಲ್ಲೇ, ಅವನು ಬಾಡಿಗೆ ಕೋಣೆಯಲ್ಲಿ ಟ್ರಾನ್ಸ್‌ಮಿಟರ್ ಮುಂದೆ ಕೂತಿರುವಾಗ ಮನೆಯೊಡತಿ ಬಾಗಿಲು ತೆಗೆದು ಒಳಗೆ ಬರುತ್ತಾಳೆ. ಮುಂದೇನಾಗುತ್ತದೆಂದು ಹೇಳಬೇಕಿಲ್ಲ. ಇಲ್ಲಿ ಕೊಲೆ ಮತ್ತು ಬೇಹುಗಾರಿಕೆ ಒಂದೇ ಗಂಟಿನಲ್ಲಿವೆ: ಕೊಲ್ಲದಿದ್ದರೆ ಸಿಕ್ಕಿಬೀಳುತ್ತಾನೆ, ಕೊಂದರೆ ಒಂದು ಜಾಡು ಬಿಡುತ್ತಾನೆ. ಮುಂದಿನ ಪುಟಗಳುದ್ದಕ್ಕೂ ಬ್ರಿಟಿಷರು ಹಿಡಿದು ಹೋಗುವುದು ಆ ಜಾಡನ್ನೇ.

ಮುಖ್ಯ ಕಥೆ 1944ರದು. ಇಂಗ್ಲೆಂಡಿನ ಪೂರ್ವ ಭಾಗದಲ್ಲಿ ಜಮಾಯಿಸಿದೆ ಎನ್ನಲಾದ ಒಂದು ಭಾರೀ ಸೈನ್ಯ ಬರೀ ಬೊಂಬೆಯಾಟ ಎಂಬುದನ್ನು ಫೇಬರ್ ಕಣ್ಣಾರೆ ನೋಡಿ ಫೋಟೋ ತೆಗೆಯುತ್ತಾನೆ. ಈ ಬೊಂಬೆಯಾಟ ಮಾತ್ರ ಇತಿಹಾಸ. ಜನರಲ್ ಪ್ಯಾಟನ್ ಹೆಸರಿನಲ್ಲಿ ಕಾಗದದ ಮೇಲೆ ಒಂದು ಸೇನಾಸಮೂಹ ಕಟ್ಟಿ, ಗಾಳಿ ತುಂಬಿದ ರಬ್ಬರ್ ಟ್ಯಾಂಕು, ಕೊಳವೆ ಚೌಕಟ್ಟಿಗೆ ಕ್ಯಾನ್ವಾಸ್ ಹೊದಿಸಿ ತೈಲದ ಡ್ರಮ್ಮುಗಳ ಮೇಲೆ ತೇಲಿಸಿದ ದೋಣಿ, ಎಡೆಬಿಡದ ಸುಳ್ಳು ರೇಡಿಯೋ ಸಂದೇಶಗಳು, ಇವುಗಳಿಂದ ದಾಳಿ ಬರುವುದು ಫ್ರಾನ್ಸಿನ ಕ್ಯಾಲೆ (Calais) ಬಂದರಿನ ಕಡೆಗೆ, ನಾರ್ಮಂಡಿ ಕಡೆಗಲ್ಲ ಎಂದು ಜರ್ಮನರನ್ನು ನಂಬಿಸಿದ್ದರು. ಫೇಬರ್ ಫೋಟೋ ಬರ್ಲಿನ್ ತಲುಪಿದರೆ ಆ ಸುಳ್ಳು ಒಡೆದುಹೋಗುತ್ತದೆ. ರೇಡಿಯೋದಲ್ಲೇ ಹೇಳಿ ಮುಗಿಸಬಾರದೇ ಎಂಬ ಪ್ರಶ್ನೆ ಓದುಗರಿಗೆ ಸಹಜವಾಗಿ ಬರುತ್ತದೆ. ಆದರೆ ಫೋಟೋವನ್ನು ಮೋರ್ಸ್ ಸಂಕೇತದಲ್ಲಿ ಕಳಿಸಲಾಗದು, ಬರೀ ಮಾತನ್ನು ಮೇಲಿನವರು ನಂಬಬೇಕಾದ್ದಿಲ್ಲ. ಆದ್ದರಿಂದಲೇ ಅವನು ಯು-ಬೋಟ್ (ಜರ್ಮನ್ ಜಲಾಂತರ್ಗಾಮಿ) ಹತ್ತಲು ಸ್ಕಾಟ್‌ಲ್ಯಾಂಡಿನ ಕರಾವಳಿಗೆ ಓಡಬೇಕು. ಕಥೆಯ ಯಂತ್ರ ಓಡುವುದೇ ಈ ಒಂದು ಹಲ್ಲುಗಾಲಿಯಿಂದ, ಅದು ಗಟ್ಟಿಯಾಗಿದೆ.

ಸಡಿಲವಿರುವುದು ಬೇರೆ ಕಡೆ. ಫೇಬರ್‌ನಂಥ ಒಬ್ಬ ಗೂಢಚಾರ ಬ್ರಿಟನ್ನಿನಲ್ಲಿ ಇಷ್ಟು ವರ್ಷ ಉಳಿದಿರಬಹುದಿತ್ತೇ? ನಿಜವಾಗಿ ಬಂದವರ ಗತಿ ನೋಡಿದರೆ ನಗು ಬರುತ್ತದೆ, ಆಮೇಲೆ ಸಂಕಟವಾಗುತ್ತದೆ. 1940ರ ಸೆಪ್ಟೆಂಬರ್‌ನಲ್ಲಿ ಕೆಂಟ್ ಕರಾವಳಿಗೆ ದೋಣಿಯಲ್ಲಿ ಬಂದಿಳಿದ ನಾಲ್ವರಲ್ಲಿ ಒಬ್ಬ ಬೆಳಗ್ಗೆಯೇ ಲಿಡ್ ಎಂಬ ಊರಿನ ಪಬ್ಬಿಗೆ ಹೋಗಿ ಸೈಡರ್ ಕೇಳಿದ. ಆ ಹೊತ್ತಿಗೆ ಮದ್ಯ ಮಾರುವಂತಿಲ್ಲ ಎಂಬುದು ಆ ದೇಶದ ಮಗುವಿಗೂ ಗೊತ್ತಿದ್ದ ನಿಯಮ. ಪಬ್ಬಿನವಳಿಗೆ ಅನುಮಾನ ಬರಲು ಅಷ್ಟು ಸಾಕಾಯಿತು. ಅದೇ ತಿಂಗಳ ಕೊನೆಗೆ ಸ್ಕಾಟ್‌ಲ್ಯಾಂಡಿನಲ್ಲಿ ಇಳಿದವರು ಪೋರ್ಟ್‌ಗಾರ್ಡನ್ ರೈಲು ನಿಲ್ದಾಣಕ್ಕೆ ಒದ್ದೆ ಬಟ್ಟೆಯಲ್ಲಿ ಬಂದು ಇದು ಯಾವ ಊರು ಎಂದು ಕೇಳಿದರು. ಶತ್ರುವಿಗೆ ದಾರಿ ತಿಳಿಯದಿರಲೆಂದು ನಿಲ್ದಾಣಗಳ ಹೆಸರುಫಲಕ ಕಿತ್ತಿದ್ದ ವರ್ಷ ಅದು. ಪ್ಯಾರಾಶೂಟಿನಲ್ಲಿ ಇಳಿದು ಕೇಂಬ್ರಿಜ್‌ನಲ್ಲಿ ಸುಮಾರು ಐದು ತಿಂಗಳು ಸಿಕ್ಕಿಬೀಳದೆ ಇದ್ದವನು ಟೆರ್ ಬ್ರಾಕ್ ಎಂಬ ಹೆಸರಿನ ಡಚ್ಚಿನವ. ಅವನನ್ನು ಮುಗಿಸಿದ್ದು ಪೊಲೀಸರಲ್ಲ, ಖಾಲಿಯಾದ ಜೇಬು. 1941ರ ಏಪ್ರಿಲ್ 1ರಂದು ವೈಮಾನಿಕ ದಾಳಿಯ ಆಶ್ರಯ ತಾಣವೊಂದರಲ್ಲಿ ಅವನ ಹೆಣ ಸಿಕ್ಕಿತು, ತಾನೇ ಗುಂಡು ಹಾರಿಸಿಕೊಂಡಿದ್ದ. ಟ್ರಾನ್ಸ್‌ಮಿಟರ್ ರೈಲು ನಿಲ್ದಾಣದ ಲಗೇಜ್ ಕೋಣೆಯಲ್ಲಿತ್ತು. ಉಳಿದ ಏಜೆಂಟರಲ್ಲಿ ಹೆಚ್ಚಿನವರು ಜೈಲಿಗೆ ಇಲ್ಲವೇ ಗಲ್ಲಿಗೆ ಹೋದರು, ಕೆಲವರು ಬ್ರಿಟಿಷರ ಪರ ತಿರುಗಿ ಬರ್ಲಿನ್‌ಗೆ ಸುಳ್ಳು ಬರೆಯುತ್ತ ಕೂತರು. 'ಗಾರ್ಬೊ' ಎಂಬ ಗುಪ್ತನಾಮದ ಹ್ವಾನ್ ಪುಹೋಲ್ ತನ್ನ ಕೈಕೆಳಗೆ 27 ಜನ ಏಜೆಂಟರಿದ್ದಾರೆಂದು ನಂಬಿಸಿದ್ದ, ಅವರಲ್ಲಿ ಒಬ್ಬನೂ ನಿಜವಲ್ಲ. ಅವನಿಗೆ ಜರ್ಮನಿಯಿಂದ ಐರನ್ ಕ್ರಾಸ್, ಬ್ರಿಟನ್ನಿನಿಂದ ಎಂಬಿಇ, ಎರಡೂ ಬಂದವು.

ಫಾಲೆಟ್‌ಗೆ ಈ ತೊಂದರೆ ಗೊತ್ತು. ಅದಕ್ಕೇ ಫೇಬರ್ ಯುದ್ಧಕ್ಕೆ ಮೊದಲೇ ಬಂದು ನೆಲೆಸಿದವನು, ಇಂಗ್ಲಿಷರ ಹಾಗೆಯೇ ಬದುಕಲು ಕಲಿತವನು. ಈ ಪರಿಹಾರ ಜಾಣತನದ್ದು. ಆದರೆ ರೇಡಿಯೋ ವಿಷಯದಲ್ಲಿ ಓದುಗ ಒಂದಿಷ್ಟು ಉದಾರಿಯಾಗಬೇಕು. ಕಳಿಸುವ ಪ್ರತಿ ಸಂದೇಶವೂ ದೂರದ ಕೇಂದ್ರಗಳ ಕಿವಿಗೆ ಬೀಳುತ್ತದೆ. ಎರಡು ಮೂರು ಕಡೆಯಿಂದ ದಿಕ್ಕು ಹಿಡಿದು ನಕ್ಷೆಯಲ್ಲಿ ಗೆರೆ ಎಳೆದರೆ ಗೆರೆಗಳು ಕೂಡುವ ಕಡೆ ಕಳಿಸುವವನಿರುತ್ತಾನೆ, ಆಮೇಲೆ ವ್ಯಾನು ಬೀದಿ ಬೀದಿ ಸುತ್ತಿ ಮನೆ ಪತ್ತೆ ಮಾಡುತ್ತದೆ. ತಪ್ಪಿಸಿಕೊಳ್ಳಲು ಸಂದೇಶ ಚಿಕ್ಕದಿರಬೇಕು, ಹೊತ್ತು ಬದಲಾಗಬೇಕು, ಜಾಗ ಬದಲಾಗಬೇಕು. ಬ್ರಿಟಿಷ್ ಏಜೆಂಟರು ಫ್ರಾನ್ಸಿಗೆ ಒಯ್ಯುತ್ತಿದ್ದ ಪ್ರಸಿದ್ಧ ಸೂಟ್‌ಕೇಸ್ ಸೆಟ್ ಸುಮಾರು 15 ಕಿಲೋ ತೂಗುತ್ತಿತ್ತು, ಜೊತೆಗೆ ಹತ್ತಾರು ಮೀಟರ್ ಏರಿಯಲ್ ತಂತಿ ಎಲ್ಲಿಯಾದರೂ ಕಟ್ಟಲೇಬೇಕು. ಯಾವುದಾದರೂ ಕಾದಂಬರಿಯಲ್ಲಿ ಗೂಢಚಾರ ಜೇಬಿನಿಂದ ರೇಡಿಯೋ ತೆಗೆದು, ನೆಲಮಾಳಿಗೆಯಲ್ಲಿ ಕೂತು, ಏರಿಯಲ್ ಇಲ್ಲದೆ ಇಪ್ಪತ್ತು ನಿಮಿಷ ಬರ್ಲಿನ್ ಜೊತೆ ಹರಟಿದರೆ ಆ ಪುಸ್ತಕವನ್ನು ಅಲ್ಲಿಗೇ ಮಡಚಿಡಬಹುದು.

'ಐ ಆಫ್ ದ ನೀಡಲ್' ನಿಜವಾಗಿ ಗೆಲ್ಲುವುದು ಕೊನೆಯ ಮೂರನೇ ಒಂದು ಭಾಗದಲ್ಲಿ. ಬಿರುಗಾಳಿ, ಸಣ್ಣದೊಂದು ದ್ವೀಪ, ಬೆರಳೆಣಿಕೆಯ ಜನ. ಅಪಘಾತದಲ್ಲಿ ಎರಡೂ ಕಾಲು ಕಳೆದುಕೊಂಡು ಒಳಗೊಳಗೇ ಕುದಿಯುತ್ತಿರುವ ಡೇವಿಡ್, ಅವನ ಹೆಂಡತಿ ಲೂಸಿ, ದಡಕ್ಕೆ ಬಂದು ಬಿದ್ದ ಅಪರಿಚಿತ. ಅಲ್ಲಿಯತನಕ ಓಟ, ಇಲ್ಲಿಂದ ಮುಂದೆ ಉಸಿರು ಕಟ್ಟುವ ಬಿಗಿ. ಲೂಸಿ ಬರುವವರೆಗೆ ಈ ಪುಸ್ತಕ ಒಳ್ಳೆಯ ಬೆನ್ನಟ್ಟುವಿಕೆಯ ಕಥೆ, ಅವಳು ಬಂದಮೇಲೆ ಅದಕ್ಕಿಂತ ದೊಡ್ಡದು. ನಡುವಿನ ಶೃಂಗಾರದ ಪುಟಗಳು ಬೇಕಿದ್ದಕ್ಕಿಂತ ಹೆಚ್ಚಿವೆ, ಮನೆಮಂದಿಯ ಮುಂದೆ ಗಟ್ಟಿಯಾಗಿ ಓದುವ ಪುಸ್ತಕವಲ್ಲ. 1981ರ ಚಲನಚಿತ್ರವನ್ನು ಪುಸ್ತಕ ಮುಗಿಸಿದ ಮೇಲೆ ನೋಡುವುದು ಒಳ್ಳೆಯದು.

'ಎನಿಗ್ಮಾ' ಮೊದಲಿನದಕ್ಕಿಂತ ತೀರಾ ನಿಧಾನ. 1943ರ ಮಾರ್ಚ್, ಶತ್ರುವಿನ ಗುಪ್ತಲಿಪಿ ಬಿಡಿಸುತ್ತಿದ್ದ ಬ್ರಿಟಿಷರ ರಹಸ್ಯ ಕೇಂದ್ರ ಬ್ಲೆಚ್ಲಿ ಪಾರ್ಕ್. ಗಣಿತಜ್ಞ ಟಾಮ್ ಜೆರಿಕೊ ಕೆಲಸದ ಒತ್ತಡದಲ್ಲಿ ಕುಸಿದು ಕೇಂಬ್ರಿಜ್‌ಗೆ ಮರಳಿದವನು. ಜರ್ಮನ್ ಜಲಾಂತರ್ಗಾಮಿಗಳ ಗುಪ್ತಲಿಪಿ ಮತ್ತೆ ಕೈತಪ್ಪಿದೆ ಎಂದು ಅವನನ್ನು ವಾಪಸು ಕರೆಸುತ್ತಾರೆ. ಇತ್ತ ಅವನು ಪ್ರೀತಿಸಿದ್ದ ಕ್ಲೇರ್ ಕಾಣೆಯಾಗಿದ್ದಾಳೆ, ಅವಳ ಕೋಣೆಯಲ್ಲಿ ಇರಬಾರದ ಕಾಗದಗಳು ಸಿಗುತ್ತವೆ.

ಇದನ್ನು ಓದುವ ಮೊದಲು ಯಂತ್ರದ ಬಗ್ಗೆ ಒಂದಿಷ್ಟು ತಿಳಿದಿದ್ದರೆ ಅರ್ಧ ಕಷ್ಟ ಕಡಿಮೆ. ಜರ್ಮನರ ಗುಪ್ತಲಿಪಿ ಯಂತ್ರವಾದ ಎನಿಗ್ಮಾದಲ್ಲಿ ಒಂದು ಕೀಲಿ ಒತ್ತಿದರೆ ವಿದ್ಯುತ್ತು ಮುಂದಿನ ಪ್ಲಗ್ ಫಲಕ ಹಾದು, ರೋಟರುಗಳೆಂಬ ತಿರುಗುವ ಚಕ್ರಗಳ ಮೂಲಕ ಹೋಗಿ, ಪ್ರತಿಫಲಕಕ್ಕೆ ಬಡಿದು ಅದೇ ಸಾಲಿನಲ್ಲಿ ಬೇರೆ ದಾರಿಯಿಂದ ಹಿಂದಿರುಗಿ ಒಂದು ದೀಪ ಬೆಳಗಿಸುತ್ತದೆ. ಪ್ರತಿ ಒತ್ತಿಗೂ ರೋಟರ್ ಒಂದು ಹೆಜ್ಜೆ ತಿರುಗುವುದರಿಂದ ಅದೇ ಅಕ್ಷರ ಮತ್ತೆ ಒತ್ತಿದರೆ ಬೇರೆ ದೀಪ ಹತ್ತುತ್ತದೆ. ಪ್ರತಿಫಲಕ ಇರುವುದರಿಂದ ಒಂದು ಅಕ್ಷರ ತಾನಾಗಿಯೇ ಎಂದೂ ಹೊರಬರುವುದಿಲ್ಲ: ಎ ಒತ್ತಿದರೆ ಎ ದೀಪ ಹತ್ತಲಾರದು. ಸಂದೇಶದಲ್ಲಿ ಇರಬಹುದಾದ ಪದವೊಂದನ್ನು ಊಹಿಸಿ, ಗುಪ್ತಲಿಪಿಯ ಕೆಳಗೆ ಇಟ್ಟು ಸರಿಸುತ್ತ ಹೋಗಿ, ಯಾವ ಅಕ್ಷರವೂ ತನ್ನ ಮೇಲೆ ತಾನೇ ಬೀಳದ ಜಾಗ ಹುಡುಕುವುದು ಬಿಡಿಸುವವರ ಮೊದಲ ಹೆಜ್ಜೆ. ಆ ಊಹೆಯ ಪದಕ್ಕೆ 'ಕ್ರಿಬ್' ಎನ್ನುತ್ತಿದ್ದರು. ಕ್ರಿಬ್ ಇಲ್ಲದೆ, ಎನಿಗ್ಮಾದ ಜೋಡಣೆ ಪತ್ತೆಹಚ್ಚಲು ಬ್ರಿಟಿಷರು ಬಳಸುತ್ತಿದ್ದ ಬಾಂಬ್ (bombe) ಎಂಬ ಹೆಸರಿನ ದೊಡ್ಡ ಯಂತ್ರಗಳಿಗೂ ಕೆಲಸವಿಲ್ಲ.

ಜಲಾಂತರ್ಗಾಮಿಗಳು 1942ರ ಫೆಬ್ರುವರಿ 1ರಿಂದ ನಾಲ್ಕು ರೋಟರ್‌ಗಳ ಯಂತ್ರಕ್ಕೆ ಬದಲಾದವು. ಈ ಗುಪ್ತಲಿಪಿಗೆ ಬ್ರಿಟಿಷರು ಇಟ್ಟ ಹೆಸರು 'ಶಾರ್ಕ್'. ಹತ್ತು ತಿಂಗಳು ಏನೂ ಓದಲಾಗಲಿಲ್ಲ. ಅಕ್ಟೋಬರ್ 30ರಂದು ಮುಳುಗುತ್ತಿದ್ದ ಜರ್ಮನ್ ಜಲಾಂತರ್ಗಾಮಿ ಯು-559ರೊಳಗೆ ಇಳಿದು ಸಂಕೇತ ಪುಸ್ತಕಗಳನ್ನು ಮೇಲಕ್ಕೆ ದಾಟಿಸಿದ ಬ್ರಿಟಿಷ್ ನೌಕಾಪಡೆಯ ಫ್ಯಾಸನ್ ಮತ್ತು ಗ್ರೇಜಿಯರ್ ಅದರ ಜೊತೆಯೇ ಮುಳುಗಿದರು. ಅವರು ಕೊಟ್ಟ ಹವಾಮಾನ ಸಂಕೇತ ಪುಸ್ತಕದಿಂದ ಡಿಸೆಂಬರ್‌ನಲ್ಲಿ ಬಾಗಿಲು ತೆರೆಯಿತು. ಹವಾಮಾನದ ಚಿಕ್ಕ ಸಂದೇಶ ಕಳಿಸುವಾಗ ನಾಲ್ಕನೇ ರೋಟರನ್ನು ತಟಸ್ಥ ಜಾಗದಲ್ಲಿ ಇಡುತ್ತಿದ್ದರು, ಯಂತ್ರ ಹಳೆಯ ಮೂರು ರೋಟರಿನದರಂತೆ ವರ್ತಿಸುತ್ತಿತ್ತು, ಬಿರುಕು ಅಲ್ಲಿತ್ತು. 1943ರ ಮಾರ್ಚ್‌ನಲ್ಲಿ ಜರ್ಮನರು ಆ ಪುಸ್ತಕ ಬದಲಿಸಿದರು, ಬಾಗಿಲು ಮುಚ್ಚಿತು. ಹ್ಯಾರಿಸ್ ಕಾದಂಬರಿ ನಿಂತಿರುವುದು ಆ ಕೆಲವೇ ದಿನಗಳ ಮೇಲೆ.

ಅಲ್ಲೇ ಈ ಪುಸ್ತಕದ ಅತ್ಯಂತ ಭಯಂಕರ ಅಧ್ಯಾಯಗಳಿವೆ. ಹೊಸ ಕ್ರಿಬ್ ಬೇಕು. ಜಲಾಂತರ್ಗಾಮಿಯೊಂದು ಹಡಗುಗಳ ಸಾಲನ್ನು ಕಂಡಾಗ ಕಳಿಸುವ ಚಿಕ್ಕ ಸಂದೇಶದಲ್ಲಿ ಏನಿರಬಹುದೆಂದು ಊಹಿಸಬಹುದು, ಯಾಕೆಂದರೆ ಹಡಗುಗಳು ಎಲ್ಲಿವೆಯೆಂದು ಬ್ರಿಟಿಷರಿಗೇ ಗೊತ್ತು. ಅಂದರೆ ಜೆರಿಕೊ ಮತ್ತು ಅವನ ಜೊತೆಗಾರರು ಬಿಸಿ ಚಹಾ ಹಿಡಿದು ಕೂತು, ಅಟ್ಲಾಂಟಿಕ್‌ನಲ್ಲಿ ತಮ್ಮದೇ ಹಡಗುಗಳು ಶತ್ರುವಿನ ಕಣ್ಣಿಗೆ ಬೀಳಲಿ ಎಂದು ಕಾಯಬೇಕು. ಎಷ್ಟು ಜಲಾಂತರ್ಗಾಮಿ ಮುತ್ತಿದರೆ ಅಷ್ಟು ಸಂದೇಶ, ಅಷ್ಟು ಕ್ರಿಬ್. ಇತಿಹಾಸದಲ್ಲಿ ಆ ವಾರ ಎಚ್‌ಎಕ್ಸ್-229 ಮತ್ತು ಎಸ್‌ಸಿ-122 ಎಂಬ ಎರಡು ಸಾಲುಗಳಿಂದ 22 ಹಡಗು ಮುಳುಗಿದವು. ಕೊಲೆ ಎಂದರೆ ಏನು, ಯಾರು ಮಾಡಿದರೆ ಅದು ಕೊಲೆ ಎಂಬ ಪ್ರಶ್ನೆಯನ್ನು ಹ್ಯಾರಿಸ್ ಬಾಯಿಬಿಟ್ಟು ಕೇಳುವುದಿಲ್ಲ. ಚಹಾ ತಣ್ಣಗಾಗುವ ಹೊತ್ತಿಗೆ ಓದುಗನೇ ಕೇಳಿಕೊಂಡಿರುತ್ತಾನೆ.

ಕೊರತೆ ಕ್ಲೇರ್‌ಳದ್ದು. ಇಡೀ ಕಥೆ ಅವಳ ಸುತ್ತ ಸುತ್ತಿದರೂ ಅವಳು ವ್ಯಕ್ತಿಯಾಗುವುದಿಲ್ಲ, ಗಾಳದ ಎರೆಯಾಗಿಯೇ ಉಳಿಯುತ್ತಾಳೆ. ಅವಳ ಜೊತೆ ಮನೆ ಹಂಚಿಕೊಂಡಿರುವ ಹೆಸ್ಟರ್ ವಾಲೇಸ್ ಮಾತ್ರ ಕೊನೆಯತನಕ ನೆನಪಿರುತ್ತಾಳೆ: ಬುದ್ಧಿಯಲ್ಲಿ ಯಾರಿಗೂ ಕಡಿಮೆಯಿಲ್ಲ, ಕೊಟ್ಟ ಕೆಲಸ ಮಾತ್ರ ಗುಮಾಸ್ತಗಿರಿ. ಬ್ಲೆಚ್ಲಿಯ ಸಿಬ್ಬಂದಿಯಲ್ಲಿ ಸುಮಾರು ಮುಕ್ಕಾಲು ಪಾಲು ಹೆಂಗಸರಿದ್ದರು, ಅವರ ಸಿಟ್ಟನ್ನು ಈ ಒಂದು ಪಾತ್ರ ಹೊತ್ತು ನಿಲ್ಲುತ್ತದೆ. ಇನ್ನೊಂದು ತಕರಾರು ಪೋಲೆಂಡಿನವರ ಬಗ್ಗೆ. ಸೇನೆಯ ಎನಿಗ್ಮಾವನ್ನು ಮೊದಲು ಬಿಡಿಸಿದ್ದು 1932ರಲ್ಲಿ ಪೋಲೆಂಡಿನ ಮರಿಯನ್ ರೆಯೆವ್‌ಸ್ಕಿ, 1939ರ ಜುಲೈನಲ್ಲಿ ಆ ಜ್ಞಾನವನ್ನು ಬ್ರಿಟಿಷರಿಗೂ ಫ್ರೆಂಚರಿಗೂ ದಾನ ಮಾಡಿದ್ದು ಅವರ ತಂಡ. ಕಾದಂಬರಿಯನ್ನಷ್ಟೇ ಓದಿದವರಿಗೆ ಆ ಋಣದ ತೂಕ ಗೊತ್ತಾಗುವುದಿಲ್ಲ.

ಮೂರನೆಯದು ಬರ್ಲಿನ್ ಪತ್ತೇದಾರ ಬರ್ನಿ ಗುಂಥರ್ ಸರಣಿಯ ಒಂಬತ್ತನೇ ಪುಸ್ತಕ. ಎಲ್ಲಿಂದ ಬೇಕಾದರೂ ಹತ್ತಬಹುದಾದ ಸರಣಿ ಇದು, ಒಂದರಿಂದಲೇ ಶುರು ಮಾಡಬೇಕೆಂಬ ಹಟ ಬೇಡ. ಗುಂಥರ್ ಹಳೆಯ ಅಪರಾಧ ವಿಭಾಗದ ಅಧಿಕಾರಿ, ನಾಜಿಗಳನ್ನು ಕಂಡರಾಗದು, ಆದರೂ ಅವರ ಸಂಬಳ ತಿನ್ನುತ್ತಾನೆ. 1943ರಲ್ಲಿ ಅವನಿರುವುದು ಜರ್ಮನ್ ಸೇನೆಯ ಯುದ್ಧಾಪರಾಧ ತನಿಖಾ ಬ್ಯೂರೋದಲ್ಲಿ. ಹುಚ್ಚು ಕಲ್ಪನೆಯಂತೆ ಕೇಳಿಸಿದರೂ ಅಂಥ ಕಚೇರಿ ನಿಜವಾಗಿ ಇತ್ತು, ಶತ್ರುಗಳು ಜರ್ಮನರಿಗೆ ಮಾಡಿದ ಅನ್ಯಾಯಗಳನ್ನು ಅದು ಕಡತ ಮಾಡುತ್ತಿತ್ತು. ಸ್ಮೊಲೆನ್ಸ್ಕ್ ಹತ್ತಿರದ ಕಾತಿನ್ ಕಾಡಿನಲ್ಲಿ ಒಂದು ತೋಳ ಮಣ್ಣು ಕೆದಕಿ ಮೂಳೆ ಹೊರಗೆಳೆದಿದೆ. ಗುಂಥರ್ ಅಲ್ಲಿಗೆ ಹೋಗುತ್ತಾನೆ. ಅದೇ ಹೊತ್ತಿಗೆ ಸಿಗ್ನಲ್ಸ್ ದಳದ ಇಬ್ಬರು ಸೈನಿಕರ ಕತ್ತು ಕುಯ್ದು ಹಾಕಿರುತ್ತಾರೆ.

ಒಂದು ಕಡೆ ಸಾವಿರಾರು ಹೆಣಗಳ ಗುಂಡಿ, ಇನ್ನೊಂದು ಕಡೆ ಎರಡು ಹೆಣ. ಕೆರ್ ಎರಡಕ್ಕೂ ಒಂದೇ ತನಿಖೆಯ ಶಿಸ್ತು ಬಳಸುವುದು ಈ ಪುಸ್ತಕದ ಹೆಗ್ಗಳಿಕೆ. ಕಾತಿನ್‌ನಲ್ಲಿ ಪೋಲೆಂಡಿನ ಅಧಿಕಾರಿಗಳನ್ನು ಕೊಂದದ್ದು 1940ರ ವಸಂತದಲ್ಲಿ ಸೋವಿಯತ್ ಗುಪ್ತ ಪೊಲೀಸರು. ಮಾಸ್ಕೊ ಅದನ್ನು ಒಪ್ಪಿಕೊಂಡದ್ದು 1990ರಲ್ಲಿ. 1943ರಲ್ಲಿ ಅದನ್ನು ಸಾಬೀತು ಮಾಡುವುದು ಹೇಗೆ? ಹೆಣಗಳ ಜೇಬಿನಲ್ಲಿದ್ದ ಡೈರಿ, ಪತ್ರಿಕೆಗಳ ಕೊನೆಯ ತಾರೀಖು 1940ರ ವಸಂತದ್ದು. ಸೋವಿಯತ್ತರು ಹೇಳಿದಂತೆ 1941ರಲ್ಲಿ ಜರ್ಮನರು ಬಂದಮೇಲೆ ಕೊಂದದ್ದಾದರೆ ಚಳಿಗಾಲದ ಕೋಟು ಯಾಕೆ ತೊಟ್ಟಿದ್ದರು? ಗುಂಡಿಯ ಮೇಲೆ ನೆಟ್ಟ ಎಳೆಯ ಗಿಡಗಳ ವಯಸ್ಸನ್ನೂ ಲೆಕ್ಕ ಹಾಕಿದರು. ಎಲ್ಲವೂ ಒಂದೇ ಕಡೆ ಬೆರಳು ತೋರಿಸುತ್ತಿದ್ದಾಗ ಗುಂಡುಗಳು ಕೈಕೊಟ್ಟವು: 7.65 ಮಿಮೀ, ಗೆಕೊ ಗುರುತಿನವು, ಜರ್ಮನಿಯಲ್ಲೇ ತಯಾರಾದವು. ಯುದ್ಧಕ್ಕೆ ಮೊದಲು ಪೂರ್ವದ ದೇಶಗಳಿಗೆ ರಫ್ತಾಗಿದ್ದ ಮಾಲು ಅದು. ನಾಜಿ ಪ್ರಚಾರ ಮಂತ್ರಿ ಗೊಬೆಲ್ಸ್‌ಗೆ ತಲೆಬಿಸಿ ತಂದ ಈ ಸಣ್ಣ ಲೋಹದ ಚೂರಿಗಿಂತ ಒಳ್ಳೆಯ ಪತ್ತೇದಾರಿ ಸುಳಿವನ್ನು ಯಾವ ಕಾದಂಬರಿಕಾರನೂ ಹೊಸೆಯಲಾರ.

ಸುಳ್ಳೇ ಉಸಿರಾಗಿರುವ ಸರ್ಕಾರಕ್ಕೆ ಒಂದೇ ಒಂದು ಸಲ ಸತ್ಯ ಬೇಕಾಗಿದೆ, ಅದೂ ಪ್ರಚಾರಕ್ಕೆ. ಆ ಸತ್ಯವನ್ನು ಹುಡುಕಿಕೊಡುವವನು ಪ್ರಾಮಾಣಿಕನೇ, ಪಾಲುದಾರನೇ? ಗುಂಥರ್‌ಗೇ ಗೊತ್ತಿಲ್ಲ. ಕೆರ್ ಬರವಣಿಗೆಯ ಚಟ ಉಪಮೆ. ಪುಟಕ್ಕೆ ಮೂರು ನಾಲ್ಕು ಚಾಟಿಮಾತು, ಕೆಲವು ಹೆಣದ ಪಕ್ಕದಲ್ಲೇ. ಮೊದಲು ನಗು, ಇನ್ನೂರನೇ ಪುಟದ ಹೊತ್ತಿಗೆ ಸುಸ್ತು. ನಿಜವಾದ ಸೇನಾಧಿಕಾರಿಗಳ ಹೆಸರುಗಳೂ ಬಹಳ, ಫಾನ್ ಕ್ಲೂಗೆ, ಫಾನ್ ಗೆರ್ಸ್‌ಡಾರ್ಫ್ ಎಂದು. ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ಓದುವುದು ವಾಸಿ. ಇದೇ ಗೆರ್ಸ್‌ಡಾರ್ಫ್ 1943ರ ಮಾರ್ಚ್ 21ರಂದು ಬರ್ಲಿನ್‌ನಲ್ಲಿ ಕೋಟಿನ ಜೇಬಿನಲ್ಲಿ ಬಾಂಬ್ ಇಟ್ಟುಕೊಂಡು ಹಿಟ್ಲರನ ಪಕ್ಕ ನಡೆದವನು ಎಂಬುದು ತಿಳಿದಿದ್ದರೆ ಅವನ ಒಂದೊಂದು ಮಾತಿಗೂ ಬೇರೆ ತೂಕ ಬರುತ್ತದೆ.

ಬೇರೆ ಪುಸ್ತಕ ಕೈಗೆತ್ತಿಕೊಂಡಾಗ ಲೇಖಕನನ್ನು ಬೇಗ ಪರೀಕ್ಷಿಸಲು ಕೆಲವು ಚಿಲ್ಲರೆ ವಿವರಗಳು ಸಾಕು. ಯುದ್ಧ ನಡೆಯುತ್ತಿದ್ದಾಗ ಬ್ರಿಟನ್ನಿನಲ್ಲಿ ಬ್ರೆಡ್ಡಿಗೆ ರೇಷನ್ ಇರಲಿಲ್ಲ, ಅದು ಬಂದದ್ದು 1946ರಲ್ಲಿ. ಬೇಕನ್, ಬೆಣ್ಣೆ, ಸಕ್ಕರೆಗೆ 1940ರ ಜನವರಿಯಿಂದ, ಬಟ್ಟೆಗೆ 1941ರ ಜೂನ್‌ನಿಂದ, ಸೋಪಿಗೆ 1942ರಿಂದ. 1940ರ ಜೂನ್‌ನಲ್ಲಿ ಚರ್ಚಿನ ಗಂಟೆಗಳನ್ನು ನಿಲ್ಲಿಸಿದರು, ಶತ್ರು ಇಳಿದರೆ ಮಾತ್ರ ಬಾರಿಸಬೇಕಿತ್ತು. 1941ರ ಭಾನುವಾರ ಗಂಟೆ ಮೊಳಗುತ್ತಿದ್ದರೆ ಬರೆದವನು ನಿದ್ದೆಯಲ್ಲಿದ್ದಾನೆ. 1942ರ ಹಳ್ಳಿ ವೈದ್ಯ ಚೀಲದಿಂದ ಪೆನಿಸಿಲಿನ್ ತೆಗೆದರೂ ಅಷ್ಟೇ. ಗ್ಯಾಸ್ ಮಾಸ್ಕ್ ಚೀಲವನ್ನು ಬರೀ ಅಲಂಕಾರಕ್ಕೆ ತರುವವರಿಗೆ ಗಾರ್ಡನ್ ಕಮಿನ್ಸ್ ಪ್ರಕರಣ ತೋರಿಸಬೇಕು. 1942ರ ಫೆಬ್ರುವರಿಯಲ್ಲಿ ಲಂಡನ್ನಿನ ಕತ್ತಲಲ್ಲಿ ಕೆಲವೇ ದಿನಗಳಲ್ಲಿ ನಾಲ್ವರು ಹೆಂಗಸರನ್ನು ಕೊಂದ ಆ ವಾಯುಪಡೆಯವನು, ತಪ್ಪಿಸಿಕೊಂಡ ಒಬ್ಬಾಕೆಯ ಬಳಿ ಗ್ಯಾಸ್ ಮಾಸ್ಕ್ ಬಿಟ್ಟು ಓಡಿದ. ಅದರ ಮೇಲೆ ಅವನ ಸೇವಾ ಸಂಖ್ಯೆ ಇತ್ತು.

ಓದುವ ಕ್ರಮದ ಬಗ್ಗೆ ಒಂದು ಎಚ್ಚರಿಕೆ. 'ಐ ಆಫ್ ದ ನೀಡಲ್' ಯಾವಾಗ ಬೇಕಾದರೂ ಓದಿ, ರಜೆಯ ಎರಡು ದಿನ ಸಾಕು. ಆದರೆ 'ಎನಿಗ್ಮಾ'ವನ್ನು ಕೆರ್ ಪುಸ್ತಕಕ್ಕಿಂತ ಮೊದಲೇ ಮುಗಿಸಿ. ಕಾರಣ ಹೇಳಿದರೆ ಹ್ಯಾರಿಸ್ ಮುಚ್ಚಿಟ್ಟದ್ದು ಬಯಲಾಗುತ್ತದೆ. ಹಿಂದುಮುಂದಾಗಿ ಓದಿದವರು ಜೆರಿಕೊಗಿಂತ ನೂರು ಪುಟ ಮುಂಚೆಯೇ ಉತ್ತರ ತಲುಪಿ ಅವನಿಗಾಗಿ ಕಾಯಬೇಕಾಗುತ್ತದೆ.